ಹಂಪೆಗೆ ಬಂದವರು ಎಲ್ಲಿ ಉಣ್ಣುತ್ತಾರೆ?

ಪ್ರವಾಸೋದ್ಯಮವು ನಾಡಿನ ಸಂಪತ್ತನ್ನು ಬೆಳೆಸತಕ್ಕ ಉದ್ಯಮವೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಅವ್ವನ ಬುಟ್ಟಿ. ಕಮಲಾಪುರದ ಸಮೀಪದ ನಮ್ಮ ಹಳ್ಳಿಯಿಂದ ಆಕೆ ದಿನವೂ ಹಂಪೆಗೆ ಹೋಗಿ ಬಾಳೆಹಣ್ಣು, ಸೌತೆಕಾಯಿ ಮಾರುತ್ತಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ನನ್ನ ಮೂರು ವರ್ಷದ ಫೀಸು ಆ ಬುಟ್ಟಿಯಿಂದಲೇ ಬಂದಿತು. ಆದಕಾರಣ ಪ್ರವಾಸಿಗರನ್ನು ಹಳಿಯುವ ಹಕ್ಕು ನನಗಿಲ್ಲ.

ವಿದೇಶದ ಯಾತ್ರಿಕನಿಂದ ದೇಶಕ್ಕೆ ವಿದೇಶೀ ವಿನಿಮಯ ದೊರೆಯುವುದು ನಿರ್ವಿವಾದ. ಹಡಗಿಗೆ ಮಾಲು ಏರಿಸದೆಯೇ ರಫ್ತು ಮಾಡಿದಂತೆ; ಕೊಳ್ಳುವವನೇ ಇಲ್ಲಿಗೆ ಬರುತ್ತಾನಷ್ಟೆ. ಆದರೆ ಆ ಹಣ ಎಲ್ಲಿ ನಿಲ್ಲುತ್ತದೆಂದು ಕೇಳಬೇಡವೆ? ಬೆಳಿಗ್ಗೆ ಹೊಸಪೇಟೆಯಲ್ಲಿ ರೈಲಿಳಿದು, ಕಲ್ಲಿನ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಸಂಜೆಗೆ ಮರಳುವವನೂ ಲೆಕ್ಕಕ್ಕೆ ಸೇರುತ್ತಾನೆ. ಅವನ ಬಾಟಲಿಯ ನೀರು, ಪೊಟ್ಟಣದ ತಿಂಡಿ ದೂರದಿಂದ ಬಂದವು. ನಮಗೆ ಉಳಿಯುವುದು ಖಾಲಿ ಬಾಟಲಿ. 2017ರಲ್ಲಿ ಬಂದ ಹೊಸ ಐವತ್ತು ರೂಪಾಯಿಯ ನೋಟಿನ ಮೇಲೆ ನಮ್ಮ ರಥವೇ ಇದೆ. ಅವ್ವನ ಕೈಗೆ ಅದಕ್ಕಿಂತ ದೊಡ್ಡ ನೋಟು ಬರುವುದು ಅಪರೂಪ.

1443ರಲ್ಲಿ ಬಂದ ಅಬ್ದುರ್ ರಜಾಕನೂ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪಯಸನೂ ಅರಮನೆಗಳ ಜೊತೆಗೆ ಇಲ್ಲಿಯ ಪೇಟೆಗಳನ್ನೂ ಬೆರಗಿನಿಂದ ವರ್ಣಿಸಿದ್ದಾರೆ. ಜನ ತುಂಬಿದ ಬೀದಿಯೇ ಅವರಿಗೆ ನೋಡತಕ್ಕ ವಸ್ತುವಾಗಿತ್ತು. ವಿರೂಪಾಕ್ಷನ ಗುಡಿಯ ಮುಂದಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು 2011ರಲ್ಲಿ ತೆರವು ಮಾಡಲಾಯಿತು. ಕಂಬಗಳ ನಡುವೆ ಗೋಡೆಯೆಬ್ಬಿಸಿದ್ದು ಸರಿಯೆಂದು ನಾನು ವಾದಿಸಲಾರೆ. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಸ್ಥಳವಿದು, ಕಲ್ಲು ಉಳಿಯಲೇಬೇಕು. ಆದರೆ ಕಲ್ಲನ್ನು ಕಾಯುವುದಕ್ಕೆ ಜನರನ್ನು ದೂರವಿಡುವುದೊಂದೇ ದಾರಿಯೆ? ನಮ್ಮ ಇತಿಹಾಸದ ಉಪನ್ಯಾಸಕರು ಇಲ್ಲಿ ಹುಬ್ಬು ಗಂಟಿಕ್ಕಿದರೆ ಕ್ಷಮೆ ಬೇಡುತ್ತೇನೆ.

ಇದನ್ನೊಂದನ್ನೇ ನಂಬಿ ಕೂಡುವುದೂ ಅಪಾಯವೇ. 2020ರ ಮಾರ್ಚಿಯಲ್ಲಿ ಸ್ಮಾರಕಗಳ ಬಾಗಿಲು ಮುಚ್ಚಿದಾಗ ಅವ್ವ ಬುಟ್ಟಿಯನ್ನು ಅಟ್ಟಕ್ಕೇರಿಸಿ ಕಬ್ಬಿನ ಗದ್ದೆಯ ಕೂಲಿಗೆ ಹೋದಳು.

ಎಷ್ಟು ಜನ ಬಂದರೆಂಬುದರ ಜೊತೆಗೆ ಎಷ್ಟು ರಾತ್ರಿ ತಂಗಿದರು, ಯಾರ ಕೈಯಡುಗೆ ಉಂಡರು ಎಂಬುದನ್ನೂ ಸರ್ಕಾರ ಎಣಿಸಲಿ. ಹೋಟೆಲಿನವರು ಹಾಲು, ಹಣ್ಣನ್ನು ಸುತ್ತಲ ಹಳ್ಳಿಗಳಿಂದಲೇ ಕೊಳ್ಳಲಿ. ವಿಠ್ಠಲನ ಗುಡಿಯ ದಾರಿಯಲ್ಲಿ ಬ್ಯಾಟರಿ ಗಾಡಿ ನಡೆಸುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಅವರ ಸಂಬಳ ಊರ ಸಂತೆಯಲ್ಲಿಯೇ ಖರ್ಚಾಗುತ್ತದೆ.

ದಸರಾ ರಜೆಯಲ್ಲಿ ನಾನು ಬುಟ್ಟಿಯ ಬಳಿ ಕುಳಿತಿದ್ದಾಗ ದಂಪತಿಗಳಿಬ್ಬರು ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆಂದು ಕೇಳಿದರು. ನಾನು ಹೊಸಪೇಟೆಯ ದಾರಿ ತೋರಿಸಿದೆ. ಅವ್ವ ತನ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು, ಹಣ ಮುಟ್ಟಲಿಲ್ಲ. ಅವರು ಹೋದ ಮೇಲೆ ನಾನು ಗೊಣಗಿದೆ.

“ನಾಳಿಂದ ನಾಕು ರೊಟ್ಟಿ ಹೆಚ್ಚು ಬಡಿತೀನಿ. ಎಷ್ಟಕ್ಕ ಮಾರಬೇಕು, ಓದಿದಾವ ನೀನ ಹೇಳು,” ಎಂದಳು.

ಆ ರಾತ್ರಿ ಇಬ್ಬರೂ ಕುಳಿತು ಜೋಳ, ಶೇಂಗಾ, ಕಟ್ಟಿಗೆಯ ಲೆಕ್ಕ ಹಾಕಿದೆವು.