ಕೊಯ್ದ ಮೇಲಿನ ಬ್ಯಾನಿ ಯಾರ ಲೆಕ್ಕಕ್ಕೆ?

ಮೊಲೆ ಎಂದೇ ಬರೆಯುತ್ತೇನೆ. ಸ್ತನ ಎಂದರೆ ಮರ್ಯಾದೆ, ಬ್ರೆಸ್ಟ್ ಎಂದರೆ ವಿದ್ಯಾವಂತಿಕೆ, ಮೊಲೆ ಎಂದರೆ ಹೊಲಸು ಎಂದು ನಮಗೆ ಕಲಿಸಿದವರು ಯಾರು? ನಮ್ಮ ಕೇರಿಯ ಅವ್ವಂದಿರು 'ಮೊಲ್ಯಾಗ ಗಡ್ಡಿ ಆಗೇತಿ' ಅಂತಲೇ ಹೇಳುತ್ತಾರೆ. ಹೇಳಲು ನಾಚಿಕೆಯಾಗುವಂತೆ ಮಾಡಿದ್ದರಿಂದಲೇ ಎಷ್ಟೋ ಹೆಂಗಸರು ಗಡ್ಡೆ ನಿಂಬೆಹಣ್ಣಿನ ಗಾತ್ರ ಆಗುವವರೆಗೂ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಾರೆ. ಆಸ್ಥಾನದ ಕವಿಗಳು ಮೊಲೆಯನ್ನು ಕಳಶಕ್ಕೆ, ಬೆಟ್ಟಕ್ಕೆ ಹೋಲಿಸಿ ಪುಟಗಟ್ಟಲೆ ಬರೆದರು. ಅದು ನೋಯುತ್ತದೆ ಎಂದು ಬರೆದವರು ಎಷ್ಟು ಮಂದಿ?

ನಾನು ಹೇಳಹೊರಟಿರುವುದು ಕ್ಯಾನ್ಸರ್ ಹೋದ ಮೇಲೂ ಹೋಗದ ನೋವಿನ ಮಾತು. ಮೊಲೆ ತೆಗೆಸಿಕೊಂಡ ಹೆಂಗಸರಿಗೆ, ತೆಗೆಸಿ ಮತ್ತೆ ಕಟ್ಟಿಸಿಕೊಂಡ ಹೆಂಗಸರಿಗೆ, ಹೊಲಿಗೆ ಬಿಚ್ಚಿ, ಗಾಯ ಮಾಯ್ದು, 'ನೀನೀಗ ಗುಣ ಆದೆ' ಎಂದು ಚೀಟಿ ಬರೆದುಕೊಟ್ಟ ಮೇಲೂ ವರ್ಷಗಟ್ಟಲೆ ಉಳಿಯುವ ನೋವು. ಇದು ಬರೀ ವೈದ್ಯಕೀಯದ ಪ್ರಶ್ನೆ ಎಂದು ಪುಟ ತಿರುಗಿಸುವ ಗೆಳೆಯರಿಗೆ ಒಂದು ಮಾತು: ಯಾರ ನೋವನ್ನು ನಂಬಬೇಕು, ಯಾರ ನೋವನ್ನು ನಂಬಬಾರದು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಆಳುವವರು.

ಮೊದಲು ಈ ನೋವು ಏನೆಂದು ತಿಳಿಯೋಣ. ಬಗಲಿನ ಒಳಗಿನಿಂದ ತೋಳಿನ ಒಳಮೈಗೆ ಒಂದು ಸಣ್ಣ ನರ ಹೋಗುತ್ತದೆ. ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ಬಗಲ ಗಂಟುಗಳನ್ನು ತೆಗೆಯುವಾಗ ಅದು ಕಡಿಯುತ್ತದೆ, ಇಲ್ಲವೇ ಜಗ್ಗಿ ಗಾಯವಾಗುತ್ತದೆ. ಎದೆಗೂಡಿನ ಪಕ್ಕೆಲುಬುಗಳ ನಡುವಿನ ನರಗಳ ಗತಿಯೂ ಅಷ್ಟೆ. ಚರ್ಮ ಮಾಯುತ್ತದೆ, ನರ ಮಾಯುವುದಿಲ್ಲ. ಆಗ ಉರಿ, ಚಳುಕು, ಕರೆಂಟು ಹೊಡೆದಂತೆ ಸೆಳೆತ, ಜೋಮು. ಕುಪ್ಪಸದ ಬಟ್ಟೆ ತಾಗಿದರೂ ಜೀವ ಹೋದಂತಾಗುತ್ತದೆ. ಕೆಲವರಿಗೆ ಇಲ್ಲದ ಮೊಲೆಯೇ ನೋಯುತ್ತದೆ. ಇದು ಹುಚ್ಚಲ್ಲ, ಭ್ರಮೆಯಲ್ಲ. ಡೆನ್ಮಾರ್ಕ್ ದೇಶದಲ್ಲಿ ಮೊಲೆಯ ಕ್ಯಾನ್ಸರಿಗೆ ಆಪರೇಷನ್ ಆಗಿ ಎರಡು ಮೂರು ವರ್ಷ ಕಳೆದ 3,253 ಹೆಂಗಸರನ್ನು ಕೇಳಿದಾಗ ನೂರಕ್ಕೆ 47 ಮಂದಿ 'ಇನ್ನೂ ನೋವಿದೆ' ಎಂದರು. ಆ ಲೆಕ್ಕ 2009ರಲ್ಲೇ ಅಚ್ಚಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ, 2022ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಆಪರೇಷನ್ ನಂತರ ಮೂರು ತಿಂಗಳು ಮೀರಿ ಉಳಿಯುವ ನೋವಿಗೆ ಅದರದೇ ಆದ ಹೆಸರು, ಅದರದೇ ಆದ ನಂಬರು ಇದೆ. ಜಗತ್ತಿನ ಪುಸ್ತಕದಲ್ಲಿ ಹೆಸರಿರುವ ರೋಗಕ್ಕೆ ನಮ್ಮ ಹೆಂಗಸಿನ ಚೀಟಿಯ ಮೇಲೆ ಹೆಸರಿಲ್ಲದಿದ್ದರೆ ಅದನ್ನು ಏನೆನ್ನಬೇಕು?

ಇನ್ನು ಮೊಲೆ ಕಟ್ಟುವ ಆಪರೇಷನ್ನು. ಒಂದು, ಸಿಲಿಕಾನ್ ಚೀಲ ಒಳಗಿಡುವುದು. ಅದರ ಸುತ್ತ ಮೈ ತಾನೇ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದು ಕಲ್ಲಾಗಿ ನೋಯುತ್ತದೆ. ಇನ್ನೊಂದು, ಅವಳದೇ ಹೊಟ್ಟೆಯ ಅಥವಾ ಬೆನ್ನಿನ ಮಾಂಸ ತೆಗೆದು ಎದೆಗೆ ಕೂಡಿಸುವುದು. ಬೆನ್ನಿನ ಅಗಲ ಸ್ನಾಯು ಯಾತಕ್ಕಿರುವುದು? ಬಾವಿಯಿಂದ ನೀರು ಸೇದಲಿಕ್ಕೆ, ಒನಕೆ ಹಾಕಲಿಕ್ಕೆ, ಸೌದೆ ಒಡೆಯಲಿಕ್ಕೆ. ಕುರ್ಚಿಯಲ್ಲಿ ಕೂತು ದುಡಿಯುವವಳು ಆ ಸ್ನಾಯುವಿನ ಕೊರತೆಯನ್ನು ಹೇಗೋ ನಿಭಾಯಿಸಬಹುದು. ಮೈಮುರಿದು ದುಡಿಯುವವಳಿಗೆ ಒಂದು ಕಡೆಯ ನೋವು ಎರಡು ಕಡೆ ಆಗುತ್ತದೆ. ಕಟ್ಟಿದ ಮೊಲೆಯಲ್ಲಿ ಮುಟ್ಟಿದರೆ ಗೊತ್ತಾಗುವ ಸ್ಪರ್ಶ ಬಹುಪಾಲು ಇರುವುದಿಲ್ಲ. ಮುಟ್ಟಿದ್ದು ಗೊತ್ತಾಗದ ಜಾಗದಲ್ಲಿ ನೋವು ಮಾತ್ರ ಗೊತ್ತಾಗುತ್ತದೆ! ಇದನ್ನೆಲ್ಲ ಕೊಯ್ಯುವ ಮೊದಲು ಅವಳಿಗೆ ಅವಳ ಭಾಷೆಯಲ್ಲಿ ಹೇಳಬೇಕಾದ್ದು ಧರ್ಮ. ಇಂಗ್ಲಿಷ್ ಫಾರಮ್ಮಿನ ಮೇಲೆ ಗಂಡನ ಸಹಿ, ಅವಳ ಹೆಬ್ಬೆಟ್ಟು; ಇದು ಒಪ್ಪಿಗೆಯೇ?

ಆಮೇಲೆ ಏನಾಗುತ್ತದೆ? ಯಾವ ಆಸ್ಪತ್ರೆ ಎಂದು ಕೇಳಬೇಡಿ, ಇದು ಒಂದು ಆಸ್ಪತ್ರೆಯ ಸಂಗತಿಯಲ್ಲ.

'ಸಾರ್, ಬಗಲಾಗ ಬೆಂಕಿ ಇಟ್ಟಂಗ ಉರೀತೈತ್ರಿ.'

'ಗಾಯ ಚೆನ್ನಾಗಿ ಮಾಯ್ದಿದೆಯಲ್ಲಮ್ಮ. ಏನೂ ಇಲ್ಲ. ಮನಸ್ಸಿಗೆ ಹಚ್ಚಿಕೋಬೇಡ. ಹೋಗು.'

'ಏನೂ ಇಲ್ಲ' ಎಂಬ ಈ ಎರಡು ಮಾತು ಎಷ್ಟು ಹಳೆಯದು! ಕೆರೆಯ ನೀರು ಮುಟ್ಟಬೇಡ ಅಂದಾಗಲೂ ಊರಿನವರು ಹೇಳಿದ್ದು ಅದೇ: ನಮ್ಮೂರಲ್ಲಿ ಅಂಥಾದ್ದೇನೂ ಇಲ್ಲ. 'ನಿಮ್ಮ ಹೆಂಗಸರು ಗಟ್ಟಿ, ತಡಕೊಳ್ತಾರೆ' ಎಂದು ಹೊಗಳಿಕೆಯ ಹಾಗೆ ಹೇಳುವವರೂ ಇದ್ದಾರೆ. ಈ ಹೊಗಳಿಕೆಯ ಚರಿತ್ರೆ ಕೇಳಿ. ಅಮೆರಿಕದ ಅಲಬಾಮಾದಲ್ಲಿ 1840ರ ದಶಕದಲ್ಲಿ ಮರಿಯನ್ ಸಿಮ್ಸ್ ಎಂಬ ವೈದ್ಯ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಕತ್ತರಿ ಆಡಿಸಿದ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಉಳಿದಿವೆ. ಕರಿಯರಿಗೆ ನೋವು ಕಡಿಮೆ ಎಂಬುದು ಆ ಕಾಲದ ಬಿಳಿಯರ ನಂಬಿಕೆ. ನ್ಯೂಯಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು ಕಿತ್ತದ್ದು 2018ರಲ್ಲಿ. ಪ್ರತಿಮೆ ಹೋಯಿತು, ನಂಬಿಕೆ ಹೋಯಿತೇ? 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ಪರೀಕ್ಷಿಸಿದಾಗ, ಕರಿಯರ ಮೈ ಬೇರೆ ಬಗೆಯದು ಎಂಬ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಸುಮಾರು ಅರ್ಧದಷ್ಟು. ಎರಡು ಮೆಡಿಕಲ್ ಕಾಲೇಜುಗಳಿರುವ ಊರು ದಾವಣಗೆರೆ. ಇಲ್ಲೂ ಆ ಪರೀಕ್ಷೆ ನಡೆಯಲಿ. ಕರಿಯರು ಎಂಬ ಪದದ ಜಾಗದಲ್ಲಿ ನಮ್ಮ ಜಾತಿಗಳ ಹೆಸರು ಹಾಕಿ ಕೇಳಲಿ.

ಕೇಳುವ ಮುಂಚೆ ಈ ಹೆಂಗಸರು ಎಲ್ಲೆಲ್ಲಿ ದುಡಿಯುತ್ತಾರೆಂದು ಒಂದು ಸುತ್ತು ಹಾಕಿ ಬನ್ನಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ನಿಂತು ತೋಳಾಡಿಸುವವರು. ಬೆಳಗಿನ ಕತ್ತಲಲ್ಲಿ ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕರು. ಹರಿಹರದ ಕಡೆ ಭದ್ರಾ ನಾಲೆಯ ನೀರು ಬಂದಾಗ ಬಗ್ಗಿ ನಾಟಿ ಹಚ್ಚುವವರು. ಇವರ ಸಂಪಾದನೆಯೆಲ್ಲ ತೋಳಿನಲ್ಲಿದೆ. ತೋಳು ಹೆಗಲ ಮಟ್ಟಕ್ಕೆ ಏಳದಿದ್ದರೆ ಆ ದಿನದ ಕೂಲಿ ಇಲ್ಲ. ಒಂದು ಕಾಲಕ್ಕೆ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಇತ್ತು. ಗಂಡನ ಇಎಸ್‌ಐ ಚೀಟಿಯ ಮೇಲೆ ಹೆಂಡತಿಗೂ ಔಷಧಿ ಸಿಗುತ್ತಿತ್ತು. ಕಾರ್ಖಾನೆಗೆ ಬೀಗ ಬಿದ್ದಾಗ ಆ ಚೀಟಿಗೂ ಬೀಗ ಬಿತ್ತು.

ಈಗ ಕಾರ್ಡು ಬಂದಿದೆ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಬೇಡ ಎನ್ನುವುದಿಲ್ಲ, ಅದರಿಂದ ಜೀವ ಉಳಿದಿವೆ. ಆದರೆ ಆಯುಷ್ಮಾನ್ ನಿಯಮ ಓದಿ ನೋಡಿ. ಆಸ್ಪತ್ರೆಯಲ್ಲಿ ಮಲಗಿದರೆ ದುಡ್ಡು. ಬಿಡುಗಡೆಯಾದ ಮೇಲೆ 15 ದಿನದ ಔಷಧಿ. ಈ ನೋವನ್ನು ದೀರ್ಘಕಾಲದ ನೋವು ಎಂದು ಕರೆಯುವುದೇ ಮೂರು ತಿಂಗಳಾದ ಮೇಲೆ! ನೋವಿಗೆ ಹೆಸರು ಬರುವ ಹೊತ್ತಿಗೆ ಕಾರ್ಡಿನ ಬಾಗಿಲು ಮುಚ್ಚಿರುತ್ತದೆ. ಕೊಯ್ಯುವುದಕ್ಕೆ ದರಪಟ್ಟಿ ಇದೆ, ಕೊಯ್ದ ಮೇಲೆ ಬದುಕುವುದಕ್ಕೆ ಇಲ್ಲ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಇಲ್ಲಿಂದ ಸುಮಾರು 260 ಕಿಲೋಮೀಟರು. ಉರಿಯುವ ಬಗಲು ತೋರಿಸಲು ಎರಡು ದಿನದ ಕೂಲಿ ಬಿಟ್ಟು ರೈಲು ಹತ್ತು ಅನ್ನುವುದು ಚಿಕಿತ್ಸೆಯೇ?

ಇನ್ನು ನಮ್ಮವರ ಸರದಿ. 'ಕೂಲಿ ಹೆಂಗಸಿಗೆ ಮೊಲೆ ಕಟ್ಟಿಸೋ ಶೋಕಿ ಯಾಕೆ? ಜೀವ ಉಳಿದದ್ದೇ ದೊಡ್ಡದು' ಎನ್ನುವ ಕ್ರಾಂತಿಕಾರಿಗಳಿದ್ದಾರೆ. ಜಮೀನ್ದಾರನೂ ಇದನ್ನೇ ಹೇಳುತ್ತಾನೆ: ದುಡಿಯುವ ಮೈಗೆ ಚೆಂದ ಯಾಕೆ? ಅವಳು ಕಟ್ಟಿಸಿಕೊಳ್ಳಲಿ ಬಿಡಲಿ, ಅದು ಅವಳ ಮೈ, ಅವಳ ತೀರ್ಮಾನ. ಅಮೆರಿಕದ ಕರಿಯ ಕವಯಿತ್ರಿ ಆಡ್ರಿ ಲಾರ್ಡ್ 1978ರಲ್ಲಿ ಮೊಲೆ ತೆಗೆಸಿಕೊಂಡಳು. ಹುಸಿ ಮೊಲೆ ಇಟ್ಟುಕೊಳ್ಳದೆ ವೈದ್ಯರ ಬಳಿ ಹೋದಾಗ ಅಲ್ಲಿನ ನರ್ಸು, ಹೀಗೆ ಬಂದರೆ ಉಳಿದವರ ಮನಸ್ಸು ಕುಗ್ಗುತ್ತದೆ ಎಂದಳಂತೆ. 1980ರಲ್ಲಿ ಬಂದ 'ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ಅವಳು ಆ ಸಿಟ್ಟನ್ನೆಲ್ಲ ಬರೆದಳು. ನೋಡುವವರ ಕಣ್ಣಿಗೆ ಸರಿಕಾಣಬೇಕು, ಒಳಗೆ ಏನಾದರೂ ಆಗಲಿ ಎನ್ನುವ ವೈದ್ಯಕ್ಕೂ, 'ನಿನಗೆ ಚೆಂದ ಯಾಕೆ' ಎನ್ನುವ ನಮ್ಮವರಿಗೂ ಒಂದೇ ಕಾಯಿಲೆ: ಇಬ್ಬರೂ ಅವಳನ್ನು ಕೇಳುವುದಿಲ್ಲ.

ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ಇದೇ ಹರಿಹರದಲ್ಲಿ, 1938ರಲ್ಲಿ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ ಸಮಿತಿ ಎದೆಯೊಡ್ಡಿ ನಿಂತಾಗ, ಹೆಣ್ಣಿನ ಮೈ ಹೋರಾಟದ ವಿಷಯ ಅಲ್ಲ ಎಂದು ಯಾರೂ ಹೇಳಲಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಎತ್ತಿಕೊಂಡ ಘೋಷಣೆಯೊಳಗೇ ಜನರ ನೋವಿನ ಮಾತಿತ್ತು. ಆ ನೋವು ವೇದಿಕೆಯ ಮೇಲಿನ ಉಪಮೆಯಾಗಿ ಸವೆದುಹೋಗಬಾರದು. ನರ ಕಡಿದ ನೋವು, ರಾತ್ರಿ ಮಗ್ಗುಲು ಹೊರಳಲಾಗದ ನೋವು ಕೂಡ ಅದರೊಳಗೇ ಇದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯ ಇಷ್ಟು. ಒಂದು: ಕೊಯ್ಯುವ ಮುಂಚೆ ಎಲ್ಲಿ ಕೊಯ್ಯುತ್ತೀರಿ, ಎಲ್ಲಿಯ ಮಾಂಸ ತೆಗೆಯುತ್ತೀರಿ, ಯಾವ ನೋವು ಉಳಿಯಬಹುದು ಎಂಬುದನ್ನು ಕನ್ನಡದಲ್ಲಿ ಹೇಳಿ, ಓದು ಬಾರದವಳಿಗೆ ಓದಿ ಹೇಳಿ, ಆಮೇಲೆ ಸಹಿ. ಎರಡು: ಪ್ರತಿ ಸಲ ತೋರಿಸಲು ಹೋದಾಗಲೂ ನೋವು ಹತ್ತಕ್ಕೆ ಎಷ್ಟು ಎಂದು ಕೇಳಿ ಚೀಟಿಯ ಮೇಲೆ ಬರೆಯಬೇಕು. ಮೂರು: ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿ, ಹರಿಹರದ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ನೋವಿನ ಚಿಕಿತ್ಸೆ. ಈಗಾಗಲೇ ಇದ್ದರೆ ಕನ್ನಡದಲ್ಲಿ ಬೋರ್ಡು ಹಾಕಲಿ, ಇಲ್ಲದಿದ್ದರೆ ತೆರೆಯಲಿ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ ದುಬಾರಿಯಲ್ಲ. ತೋಳಿನ ವ್ಯಾಯಾಮ ಕಲಿಸಲು ದೊಡ್ಡ ಯಂತ್ರ ಬೇಕಿಲ್ಲ. ನಾಲ್ಕು: 15 ದಿನದ ಗಡಿ ಹೋಗಬೇಕು, ಪೌರಕಾರ್ಮಿಕ, ಗುತ್ತಿಗೆ ಹೆಂಗಸರಿಗೆ ಕೂಲಿ ಕಡಿಯದೆ ಹಗುರ ಕೆಲಸ ಕೊಡಬೇಕು.

ಸರ್ಕಾರ ಕೊಡುವವರೆಗೆ ಕಾಯುತ್ತ ಕೂರಬೇಕಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಊರಿನಲ್ಲಿ ಇಂಥ ಒಬ್ಬ ಅಕ್ಕ ಇದ್ದಾಳೆ. ಅವಳ ಮನೆಗೆ ಹೋಗಿ ಇಷ್ಟು ಹೇಳಿ. ನರದ ನೋವಿಗೆ ದಿನಾ ಡೈಕ್ಲೋಫಿನಾಕ್ ಗುಳಿಗೆ ನುಂಗಿದರೆ, ಸೂಜಿ ಹಾಕಿಸಿಕೊಂಡರೆ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ, ನೋವು ಅಷ್ಟಾಗಿ ಇಳಿಯದು. ನರದ ನೋವಿನ ಮಾತ್ರೆ ಬೇರೆ, ಅದನ್ನು ವೈದ್ಯರನ್ನು ಕೇಳಿಯೇ ತಗೋಬೇಕು. ಬಾತ ಕೈಗೆ ಬರೆ ಹಾಕಿಸಬಾರದು. ತೋಳನ್ನು ಅಲ್ಲಾಡಿಸದೆ ಕಟ್ಟಿಟ್ಟರೆ ಹೆಗಲು ಹಿಡಿದುಕೊಳ್ಳುತ್ತದೆ. ವೈದ್ಯರು ಹೇಳಿದಂತೆ ಗೋಡೆಯ ಮೇಲೆ ಬೆರಳು ನಡೆಸುತ್ತ ದಿನಕ್ಕಿಷ್ಟು ಏರಿಸಬೇಕು. ಹೊಸ ಗಡ್ಡೆ ಕಂಡರೆ, ನೋವು ದಿಢೀರ್ ಹೆಚ್ಚಾದರೆ, ಅದೇ ಹಳೇ ನೋವು ಎಂದು ಸುಮ್ಮನಿರದೆ ಆಸ್ಪತ್ರೆಗೆ ಓಡಬೇಕು. ಮತ್ತೆ ಮನೆಯ ಗಂಡಸರಿಗೂ ಒಂದು ಮಾತು: ಸಮಾನತೆಯ ಭಾಷಣ ಮಾಡಿ ಬಂದವರು ಆ ಕೊಡ ಇಳಿಸಿಕೊಂಡು ತಾವೇ ಹೊರಲಿ.

'ಎಲ್ಲಿ ಬ್ಯಾನಿ ಆಗತೈತವ್ವಾ? ಹತ್ತಕ್ಕ ಎಷ್ಟು?' ಎಂದು ಕೇಳಿ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ, ತಾರೀಖು ಹಾಕಿ. ಹತ್ತು ಹೆಂಗಸರ ಹತ್ತು ಚೀಟಿ ಆಗಲಿ, ನೂರು ಆಗಲಿ. ಆ ಚೀಟಿಗಳನ್ನು ಹಿಡಿದು ಆ ಹೆಂಗಸರ ಹಿಂದೆ ನಾವೆಲ್ಲ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತೋಣ. ಏನೂ ಇಲ್ಲ ಎಂದು ಆಗ ಹೇಳಲಿ, ನೋಡೋಣ.