ದಿನ ಬಿಟ್ಟು ದಿನ ಬರುವ ಚಳಿಜ್ವರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕೆರೆ-ಕುಂಟೆಗಳಲ್ಲಿ ಮಳೆಗಾಲದ ನಂತರ ಎಲೆಗಳು ಕೊಳೆಯುತ್ತಿರುತ್ತವೆ. ಎಲೆಯಡಿಯ ಲೋಳೆಯ ಒಂದು ತೊಟ್ಟನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿಟ್ಟು ತಾಳ್ಮೆಯಿಂದ ಹುಡುಕಿದರೆ ಅಮೀಬಾ ಸಿಗಬಹುದು. ಅದರ ದೇಹವೆಲ್ಲ ಒಂದೇ ಜೀವಕೋಶ. ಗಂಡಿಲ್ಲ, ಹೆಣ್ಣಿಲ್ಲ. ಉಂಡು ಬೆಳೆದ ಅಮೀಬಾದ ಕೋಶಕೇಂದ್ರ ಮೊದಲು ಎರಡಾಗುತ್ತದೆ. ಬಳಿಕ ನಡು ಸಣ್ಣಗಾಗಿ ಕೋಶದ್ರವ್ಯವೂ ಎರಡು ಪಾಲಾಗುತ್ತದೆ. ತಾಯಿ ಯಾವುದು, ಮರಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ತಾಯಿಯೇ ಎರಡು ಮರಿಗಳಾಗಿರುತ್ತದೆ! ಇದೇ ದ್ವಿವಿದಳನ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಡೆದು ಹೆಚ್ಚುವ ಈ ವಿದ್ಯೆ ಮನುಷ್ಯನ ರಕ್ತದೊಳಗೂ ನಡೆಯಬಲ್ಲದು.

ಹಿರಿಯರು ಚಳಿಜ್ವರ ಎನ್ನುವ ಮಲೇರಿಯಾಕ್ಕೆ ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿ ಕಾರಣ. ಇದನ್ನು 1880ರಲ್ಲಿ ರೋಗಿಯ ರಕ್ತದಲ್ಲಿ ಕಂಡವರು ಫ್ರಾನ್ಸಿನ ಸೇನಾ ವೈದ್ಯ ಲವೆರಾನ್. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಇದನ್ನು ಕಂಡವರು, ಅದಕ್ಕೆ ಮೊದಲು ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ರೊನಾಲ್ಡ್ ರಾಸ್.

ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ದೇಹ ಸೇರುವ ಈ ಜೀವಿ ಮೊದಲು ಯಕೃತ್ತಿನಲ್ಲಿ, ಆಮೇಲೆ ಕೆಂಪು ರಕ್ತಕಣಗಳಲ್ಲಿ ಬೆಳೆಯುತ್ತದೆ. ಅಮೀಬಾದಂತೆ ಎರಡಾಗಿ ಸುಮ್ಮನಾಗುವುದಿಲ್ಲ. ಕೋಶಕೇಂದ್ರ ಹಲವು ಬಾರಿ ಒಡೆದು, ಒಮ್ಮೆಗೇ ಹತ್ತಾರು ಮರಿಗಳಾಗುತ್ತವೆ. ಇದು ಬಹುವಿದಳನ. ರಕ್ತಕಣ ಸಿಡಿದು ಮರಿಗಳು ಹೊರಬಿದ್ದಾಗಲೇ ನಡುಕ, ಜ್ವರ. ವೈವಾಕ್ಸ್ ಎಂಬ ಬಗೆಯಲ್ಲಿ ಈ ಸುತ್ತು ಸುಮಾರು 48 ಗಂಟೆಯದು. ದಿನ ಬಿಟ್ಟು ದಿನ ಜ್ವರ ಕಾಣಿಸುವುದರ ಗುಟ್ಟು ಇದೇ.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಪ್ರತಿ ಸುತ್ತಿಗೂ ಒಂದು 16 ಆಗಿ, ಎಲ್ಲವೂ ಬದುಕಿ ಉಳಿದರೆ ಆರು ದಿನಕ್ಕೆ 4,096. ಎಂಟು ದಿನಕ್ಕೆ 65,536!

ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಗಳನ್ನು ಗೋಡೆಗೂಡಿನಲ್ಲಿಡುವವರು ಈ ಲೆಕ್ಕವನ್ನು ಮರೆಯಬಾರದು. ವೈವಾಕ್ಸ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಎದ್ದು ಬರಬಲ್ಲದು. ಅದಕ್ಕೇ ರಕ್ತದಲ್ಲಿರುವುದಕ್ಕೆ ಮೂರು ದಿನ ಕ್ಲೋರೋಕ್ವಿನ್, ಯಕೃತ್ತಿನಲ್ಲಿ ಅಡಗಿದ್ದಕ್ಕೆ 14 ದಿನ ಪ್ರೈಮಾಕ್ವಿನ್ ಕೊಡುವ ಪದ್ಧತಿ. ಯಾರಿಗೆ ಎಷ್ಟು, ಯಾರಿಗೆ ಬೇಡ ಎಂಬುದನ್ನು ರಕ್ತಪರೀಕ್ಷೆಯ ನಂತರ ವೈದ್ಯರೇ ಹೇಳಬೇಕು.

ಮಲೇರಿಯಾ ಈಗ ರಾಜ್ಯದಲ್ಲಿ ಮೊದಲಿಗಿಂತ ಬಹಳ ಇಳಿದಿದೆ. ಆದರೂ ನೀರಿಗೆ ಕಷ್ಟವಿರುವ ಬಯಲುಸೀಮೆಯಲ್ಲಿ ತೊಟ್ಟಿ, ಡ್ರಮ್ಮು ತುಂಬಿಡುವುದು ರೂಢಿ. ಅಲ್ಲಿಯೂ ಅನಾಫಿಲಿಸ್ ಮೊಟ್ಟೆಯಿಡಬಲ್ಲದು. ತೊಟ್ಟಿಗೆ ಮುಚ್ಚಳ ಹಾಕುವುದು ದೊಡ್ಡವರ ಕೆಲಸ. ಮನೆಯಲ್ಲಿ ಯಾರಿಗಾದರೂ ಮಾತ್ರೆ ಬರೆದುಕೊಟ್ಟಿದ್ದರೆ, ದಿನಕ್ಕೊಂದರಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಮಕ್ಕಳಿಗೆ ಬಿಡಬಹುದು. ಕೊನೆಯ ಗುರುತು ಬೀಳುವವರೆಗೆ ಚಿಕಿತ್ಸೆ ಮುಗಿದಿಲ್ಲ.