ಕಾರನ್ನು ತಗ್ಗಿಸುವ ಮುನ್ನ

ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಮೊದಲು ಮಗನ ಓದು, ಆಮೇಲೆ ನೌಕರಿ, ಆಮೇಲೆ ಮದುವೆ ಎಂದು ಚರ್ಚೆಗಳು ಸಾಲಾಗಿ ಬರುತ್ತಿದ್ದುವು. ಈಗ ನೌಕರಿಗೂ ಮದುವೆಗೂ ನಡುವೆ ಕಾರು ಎಂಬ ಹೊಸ ಅಧ್ಯಾಯವೊಂದು ಸೇರಿಕೊಂಡಿದೆ. ಗಚ್ಚಿಬೌಲಿಯಲ್ಲೋ ಮಾಧಾಪುರದಲ್ಲೋ ಕೆಲಸ ಮಾಡುವ ತರುಣ ಚುರುಕಾದ ಕಾರೊಂದನ್ನು ಕೊಳ್ಳುತ್ತಾನೆ. ವರ್ಷ ತುಂಬುವುದರೊಳಗೆ ಅದರ ಸ್ಪ್ರಿಂಗುಗಳನ್ನು ಕಿತ್ತು ‘ಕಾಯಿಲ್‌ಓವರ್’ ಹಾಕಿಸಬೇಕೆನ್ನುತ್ತಾನೆ. ಖರ್ಚು ಲಕ್ಷ ದಾಟುತ್ತದೆಂದು ತಿಳಿದ ತಂದೆ, “ಏನೋ, ಇಷ್ಟು ದುಡ್ಡು ಸುರಿದು ಕಾರನ್ನು ಕುಳ್ಳು ಮಾಡಿಸ್ತೀಯಾ?” ಎನ್ನುತ್ತಾರೆ. “ಕುಳ್ಳಾಗೋದು ಮುಖ್ಯ ಅಲ್ಲಪ್ಪಾ, ತಿರುವಿನಲ್ಲಿ ನೆಲ ಕಚ್ಚಿ ಓಡುತ್ತೆ” ಎಂದು ಮಗನ ಉತ್ತರ. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಎರಡು ಪಕ್ಷದ ವಾದವನ್ನೂ ಕಡತದ ಮೇಲೆ ಬರೆದು ಮೇಲಕ್ಕೆ ಕಳುಹಿಸುವುದೇ ನನ್ನ ಹೊಟ್ಟೆಪಾಡಿನ ಕೆಲಸವಾದುದರಿಂದ, ಈ ಸಲದ ಅಂಕಣವನ್ನು ಈ ವ್ಯಾಜ್ಯಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ವಸ್ತುವಿನ ಪರಿಚಯವಾಗಲಿ. ನಮ್ಮ ಹಿರಿಯರ ಎತ್ತಿನ ಗಾಡಿಗೆ ಸ್ಪ್ರಿಂಗೇ ಇರಲಿಲ್ಲ; ಹಾಸಿದ ಹುಲ್ಲೇ ಅದರ ಸ್ಪ್ರಿಂಗು. ಅಂಬಾಸಡರ್ ಕಾರಿಗೆ ಹಿಂದೆ ಕಮಾನು ಪಟ್ಟಿಗಳಿದ್ದುವು. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು ಸುರುಳಿ ಸ್ಪ್ರಿಂಗನ್ನೂ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬದಲ್ಲಿ ಸೇರಿಸಿದ. 1950ರಲ್ಲಿ ಜನರ ಮುಂದೆ ಬಂದ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಅದು ಬಳಕೆಗೆ ಬಂತು. ನಮ್ಮ ಮಾರುತಿ 800ರ ಮುಂಗಾಲಿಗಳಿಗೂ ಇದೇ ಏರ್ಪಾಡು. ಅಂದಮೇಲೆ ಶಾಕ್ ಅಬ್ಸಾರ್ಬರಿನ ಸುತ್ತ ಸ್ಪ್ರಿಂಗು ಇರುವುದು ಹೊಸತಲ್ಲ. ಅಂಗಡಿಯ ಕಾಯಿಲ್‌ಓವರಿನಲ್ಲಿ ಹೊಸತೇನೆಂದರೆ ಕೊಳವೆಯ ಮೇಲೆ ತಿರುಪಿನ ಗೆರೆ ಕೊರೆದಿರುತ್ತಾರೆ. ಉಂಗುರ ತಿರುಗಿಸಿ ಕಾರನ್ನು ಎತ್ತರಿಸಬಹುದು, ತಗ್ಗಿಸಬಹುದು. ಬೆಲೆಯುಳ್ಳವುಗಳಲ್ಲಿ ಬಿಗುವನ್ನೂ ಹೆಚ್ಚು ಕಡಿಮೆ ಮಾಡಬಹುದು.

ಇಲ್ಲಿ ಸ್ಪ್ರಿಂಗಿನ ಕೆಲಸವೇ ಬೇರೆ, ಶಾಕ್ ಅಬ್ಸಾರ್ಬರಿನ ಕೆಲಸವೇ ಬೇರೆ. ಸ್ಪ್ರಿಂಗು ಭಾರ ಹೊರುತ್ತದೆ; ಅದು ಕುಣಿಯತೊಡಗಿದಾಗ ಕಿವಿ ಹಿಡಿದು ಕೂರಿಸುವುದು ಶಾಕ್ ಅಬ್ಸಾರ್ಬರು. ಮಿಲಿಮೀಟರಿಗೆ 5 ಕಿಲೋ ಎಂಬ ಸ್ಪ್ರಿಂಗಿನ ಮೇಲೆ 100 ಕಿಲೋ ಹೇರಿದರೆ 20 ಮಿಲಿಮೀಟರು ಕುಗ್ಗುತ್ತದೆ. 10 ಕಿಲೋ ಸ್ಪ್ರಿಂಗಾದರೆ 10 ಮಿಲಿಮೀಟರು ಮಾತ್ರ. ಗಟ್ಟಿ ಸ್ಪ್ರಿಂಗಿನಿಂದ ತಿರುವಿನಲ್ಲಿ ಕಾರು ಕಡಿಮೆ ವಾಲುವುದು ನಿಜ. ಆದರೆ ಹಳ್ಳ ಬಂದಾಗ ಆ ಪೆಟ್ಟು ಸ್ಪ್ರಿಂಗಿನಲ್ಲಿ ಅಡಗದೆ ಕುಳಿತವರ ಬೆನ್ನಿಗೆ ಏರುತ್ತದೆ. ಅಷ್ಟೇ ಅಲ್ಲ, ಉಬ್ಬುತಗ್ಗಿನ ರಸ್ತೆಯಲ್ಲಿ ಅತಿ ಗಟ್ಟಿಯಾದ ಕಾರಿನ ಟೈರು ನೆಲ ಬಿಟ್ಟು ಜಿಗಿಯುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ನುಣುಪಾದ ಪಂದ್ಯದ ಹಾದಿಯಲ್ಲಿ ಗೆದ್ದ ಸ್ಪ್ರಿಂಗು ಕಾಚಿಗೂಡದ ಗಲ್ಲಿಯಲ್ಲಿ ಸೋಲುವುದು ಹೀಗೆ.

ಇನ್ನು ತಗ್ಗಿಸುವ ವಿಚಾರ. 2022ರವರೆಗೆ ನಮ್ಮ ದೇಶದಲ್ಲಿ ತಯಾರಾದ, ಈ ತರುಣರಿಗೆ ಇಂದಿಗೂ ಅಚ್ಚುಮೆಚ್ಚಾದ ಫೋಕ್ಸ್‌ವ್ಯಾಗನ್ ಪೋಲೋವನ್ನೇ ತೆಗೆದುಕೊಳ್ಳಿ. ಅದರ ಹೊಟ್ಟೆ ನೆಲದಿಂದ ಸುಮಾರು 165 ಮಿಲಿಮೀಟರು ಮೇಲಿದೆ. ಮುಂದಿನ ಹಿಂದಿನ ಗಾಲಿಗಳ ನಡುವಣ ಅಂತರ ಸುಮಾರು 2.47 ಮೀಟರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ ಸ್ಪೀಡ್ ಬ್ರೇಕರಿನ ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು, ಬೆನ್ನಿನ ದುಂಡು 17 ಮೀಟರು ತ್ರಿಜ್ಯದ್ದು. ಅಂಥ ಉಬ್ಬಿನ ಮೇಲೆ ನಾಲ್ಕು ಗಾಲಿಗಳೂ ಹತ್ತಿ ನಿಂತಾಗ, ಲೆಕ್ಕ ಹಾಕಿದರೆ, ಉಬ್ಬು ಕಾರಿನ ಹೊಟ್ಟೆಯ ಕಡೆಗೆ 45 ಮಿಲಿಮೀಟರಷ್ಟೇ ಏರುತ್ತದೆ. 40 ಮಿಲಿಮೀಟರು ತಗ್ಗಿಸಿದ ಕಾರೂ ನಗುತ್ತಾ ದಾಟಬಹುದು. ಆದರೆ ನಮ್ಮ ಕಾಲೊನಿಗಳ ಉಬ್ಬುಗಳು ಯಾವ ಮಾರ್ಗಸೂಚಿಯನ್ನೂ ಓದಿದವಲ್ಲ! ಮೊಳದಗಲ, ಗೇಣೆತ್ತರದ ಸಿಮೆಂಟಿನ ದಿಂಡು ಗಾಲಿಗಳ ನಡುವೆ ಬಂದಾಗ ಅದರ ಎತ್ತರವಷ್ಟೂ ಹೊಟ್ಟೆಯ ಪಾಲಿಗೇ. ಅದರ ಮೇಲೆ ಐದು ಜನ, ಊರಿನಿಂದ ತಂದ ಜೋಳದ ಚೀಲ ಸೇರಿದರೆ ಕಾರು ಇನ್ನಷ್ಟು ಕುಗ್ಗಿರುತ್ತದೆ. ಆದುದರಿಂದ ಅಂಗಡಿಯವನ ಚಿತ್ರಪಟ ನೋಡುವ ಮೊದಲು ಅಳತೆಪಟ್ಟಿ ಹಿಡಿದು ಮನೆಯಿಂದ ಆಫೀಸಿನವರೆಗಿನ ಅತಿ ಕೆಟ್ಟ ಉಬ್ಬನ್ನೊಮ್ಮೆ ಅಳೆದು ಬರುವುದು ಮೇಲು. ನಗರದ ಕಾರಿಗೆ 20–25 ಮಿಲಿಮೀಟರು ತಗ್ಗಿದರೆ ಸಾಕು. ಅದಕ್ಕಿಂತ ಹೆಚ್ಚು ತಗ್ಗುವುದು ನೋಡುವವರಿಗಾಗಿ, ಓಡಿಸುವವರಿಗಾಗಿ ಅಲ್ಲ.

ತಗ್ಗಿಸುವುದರಲ್ಲಿಯೂ ಎರಡು ಬಗೆ. ಅಗ್ಗದವುಗಳಲ್ಲಿ ಸ್ಪ್ರಿಂಗು ಕೂರುವ ಉಂಗುರವನ್ನು ಕೆಳಗಿಳಿಸುತ್ತಾರೆ. ಕಾರಿನೊಂದಿಗೆ ಶಾಕ್ ಅಬ್ಸಾರ್ಬರಿನ ದಂಡವೂ ಒಳಗೆ ಇಳಿದು, ಪೆಟ್ಟು ತಿನ್ನಲು ಉಳಿದ ಜಾಗ ಕಡಿಮೆಯಾಗುತ್ತದೆ. ಸ್ವಲ್ಪ ಹಳ್ಳ ಬಂದರೂ ದಂಡ ಕೊನೆಯ ರಬ್ಬರ್ ಮುದ್ದೆಗೆ ಹೋಗಿ ಬಡಿಯುತ್ತದೆ. ಇನ್ನೊಂದು ಬಗೆಯಲ್ಲಿ ಕೆಳಗಿನ ಹಿಡಿಯೇ ಬೇರೆಯಾಗಿದ್ದು, ಕಂಬದ ಉದ್ದವೇ ಬದಲಾಗುತ್ತದೆ. ದಂಡದ ಓಡಾಟ ಮೊದಲಿನಷ್ಟೇ ಉಳಿಯುತ್ತದೆ. ಆದರೆ ಟೈರು ಮಡ್‌ಗಾರ್ಡಿಗೆ ತಾಗುವುದೇ ಎಂದು ಪರೀಕ್ಷಿಸಬೇಕು. ಅಂಗಡಿಯಲ್ಲಿ “ಎಷ್ಟು ತಗ್ಗುತ್ತದೆ?” ಎಂದು ಕೇಳುವವರೇ ಬಹಳ. “ತಗ್ಗಿದ ಮೇಲೆ ದಂಡಕ್ಕೆ ಎಷ್ಟು ಓಡಾಟ ಉಳಿಯುತ್ತದೆ?” ಎಂಬುದು ಕೇಳಬೇಕಾದ ಪ್ರಶ್ನೆ.

ಪೋಲೋದಂಥ ಕಾರಿನಲ್ಲಿ ಮುಂದುಗಡೆ ಎರಡೂ ಒಂದೇ ಕಂಬದಲ್ಲಿದ್ದರೂ ಹಿಂದುಗಡೆ ಸ್ಪ್ರಿಂಗೇ ಬೇರೆ, ಶಾಕ್ ಅಬ್ಸಾರ್ಬರೇ ಬೇರೆ. ‘ನಾಲ್ಕಕ್ಕೂ ಕಾಯಿಲ್‌ಓವರ್’ ಎಂಬ ಮಾತಿಗೆ ಮರುಳಾಗಬಾರದು. ಜರ್ಮನಿಯ ಬಿಲ್‌ಸ್ಟೈನ್, ಕೆಡಬ್ಲ್ಯು, ಜಪಾನಿನ ಟೈನ್, ತೈವಾನಿನ ಬಿಸಿ ರೇಸಿಂಗ್ ಮುಂತಾದ ಹೆಸರುಗಳು ಕೇಳಿಬರುತ್ತವೆ. ಹೆಚ್ಚು ತಿರುಪುಗಳಿದ್ದುದೇ ಉತ್ತಮವೆಂದಲ್ಲ. ಬಿಲ್‌ಸ್ಟೈನಿನ ಬಿ14ರಲ್ಲಿ ಎತ್ತರ ಮಾತ್ರ ಬದಲಾಗುತ್ತದೆ. ಬಿಗುವನ್ನು ಕಾರ್ಖಾನೆಯವರೇ ಆ ಸ್ಪ್ರಿಂಗಿಗೆ ಹೊಂದಿಸಿ ಕಳುಹಿಸಿರುತ್ತಾರೆ. ಬಿ16ರಲ್ಲಿ ಬಿಗುವಿಗೆ 10 ಮೆಟ್ಟಿಲುಗಳುಂಟು. ಮೆಟ್ಟಿಲನ್ನು ಅರಿತು ಹತ್ತಿಳಿಯುವ ತಾಳ್ಮೆಯಿಲ್ಲದವನಿಗೆ ಮೊದಲನೆಯದೇ ಸುಖ. ಎಣ್ಣೆ ಸೋರಿದರೆ ಇಲ್ಲೇ ದುರಸ್ತಿಯಾಗುವುದೇ, ಬಿಡಿಭಾಗ ಸಿಗುವುದೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು.

ಜೋಡಿಸುವ ಮೆಕ್ಯಾನಿಕನ ಹತ್ತಿರ ನಿಂತು ಮೂರು ಕೆಲಸ ಮಾಡಿಸಿಕೊಳ್ಳಬೇಕು. ಗಾಲಿಗಳ ಕೈಗಳಿಗಿರುವ ರಬ್ಬರ್ ಬುಷ್ಷುಗಳ ಬೋಲ್ಟನ್ನು ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೆಯದಾಗಿ ಬಿಗಿಯಬೇಕು. ಜಾಕಿನ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಎತ್ತರ ಬದಲಾದೊಡನೆ ಗಾಲಿಯ ಓರೆ ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲವಾದರೆ ಟೈರಿನ ಒಂದೇ ಅಂಚು ಸವೆಯುತ್ತದೆ. ಹೆಡ್‌ಲೈಟಿನ ಗುರಿಯನ್ನೂ ಸರಿಮಾಡಿಸಬೇಕು. ಆಮೇಲೆ ಮಳೆಗಾಲ ಕಳೆದಾಗಲೆಲ್ಲ ತಿರುಪಿನ ಗೆರೆಗಳ ಕೆಸರು ತೊಳೆಯುವುದು ಯಜಮಾನನ ಕೆಲಸ; ತುಕ್ಕು ಹಿಡಿದ ಉಂಗುರ ತಿರುಗುವುದಿಲ್ಲ.

ಗುಮಾಸ್ತನ ಬಾಯಲ್ಲಿ ಕಾನೂನಿನ ಮಾತು ಬಾರದಿದ್ದರೆ ಹೇಗೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ಗೊತ್ತುಮಾಡಿ ನೋಂದಣಿಯಲ್ಲಿ ಸೇರಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಆದುದರಿಂದ ಸಾರಿಗೆ ಕಚೇರಿಯನ್ನೂ ವಿಮೆಯವರನ್ನೂ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಆಗಬಹುದೆಂಬ ಬರಹ ಬಾರದಿದ್ದರೆ ಕೈಬಿಡುವುದೇ ಲೇಸು. “ಎಲ್ಲರೂ ಹಾಕಿಸ್ತಾರೆ ಸಾರ್” ಎಂಬ ಅಂಗಡಿಯವನ ಮಾತು ಅಪಘಾತದ ಮರುದಿನ ಸಾಕ್ಷಿಗೆ ಬರುವುದಿಲ್ಲ.

ಹಾಗಾದರೆ ತೀರ್ಪೇನು? ಕಾರು ಬರೀ ಹೊರವರ್ತುಲ ರಸ್ತೆಯಲ್ಲಿ ಓಡುವುದಿಲ್ಲ. ಆ 158 ಕಿಲೋಮೀಟರಿನ ರಸ್ತೆಯಲ್ಲಿ 2023ರಲ್ಲಿ ವೇಗದ ಮಿತಿಯನ್ನು ಗಂಟೆಗೆ 120 ಕಿಲೋಮೀಟರಿಗೆ ಏರಿಸಿದರು. ಅಲ್ಲಿ ಬಿಗಿಯಾದ ಕಾರು ಧೈರ್ಯ ಕೊಡುವುದೂ ಹೌದು. ಆದರೆ ಅದೇ ಕಾರು ಹಬ್ಬಕ್ಕೆ ಬೀದರಿಗೂ ರಾಯಚೂರಿಗೂ ಹೋಗಬೇಕು. ಹಿಂದಿನ ಸೀಟಿನಲ್ಲಿ ಮಂಡಿನೋವಿನ ತಾಯಿ ಕುಳಿತಿರುತ್ತಾರೆ. ಮೊದಲು ಒಳ್ಳೆಯ ಟೈರು ಹಾಕಿಸಿ, ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿ, ಅಲೈನ್‌ಮೆಂಟ್ ನೋಡಿಸಿ ಒಂದು ತಿಂಗಳು ಓಡಿಸಿ. ಆ ಮೇಲೂ ಆಸೆ ಉಳಿದು, ಕಾಗದಪತ್ರವೂ ಸರಿಯಿದ್ದರೆ ಸೌಮ್ಯವಾದ ಸ್ಪ್ರಿಂಗೂ ಅದಕ್ಕೆ ಹೊಂದಿದ ಶಾಕ್ ಅಬ್ಸಾರ್ಬರೂ ಇರುವುದನ್ನು ಆರಿಸಿ, ತುಸುವೇ ತಗ್ಗಿಸಿ. ಮೊದಲ ದಿನ ಸ್ನೇಹಿತರನ್ನಲ್ಲ, ತಾಯಿಯನ್ನು ಕೂರಿಸಿಕೊಂಡು ಹೋಗಿ. ಅವರು ದಾರಿಯಲ್ಲಿ ನಿದ್ದೆಹೋದರೆ ನಿಮ್ಮ ಆಯ್ಕೆ ಸರಿಯಾಯಿತೆಂದೇ ತಿಳಿಯಿರಿ.